ಕೊಂಡು ತಂದ ಕರಿಬೇವು

ಗುಂಡ್ಲುಪೇಟೆಯ ಸಂತೆಯಲ್ಲಿ ಒಂದು ಕಟ್ಟು ಕರಿಬೇವು ಕೊಂಡು ತಂದೆ ಎಂಬ ಒಂದೇ ಕಾರಣಕ್ಕೆ ನಮ್ಮ ಮನೆಗೂ ಎದುರು ಮನೆಗೂ ಮೂರು ತಿಂಗಳು ಹೋಗಿಬರುವುದು ನಿಂತಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಆಗ ನಾನೂ ನಂಬುತ್ತಿರಲಿಲ್ಲ. ನಿಂತದ್ದು ನನ್ನಿಂದ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಒಂಬತ್ತು ವರ್ಷ ಮಸ್ಕತ್ತಿನಲ್ಲಿದ್ದ ನಾವು, ಇನ್ನು ಸಾಕು ಎಂದು ಗಂಟುಮೂಟೆ ಕಟ್ಟಿಕೊಂಡು ನನ್ನ ಗಂಡನ ಊರಾದ ಗುಂಡ್ಲುಪೇಟೆಗೆ ಬಂದೆವು. ಮಸ್ಕತ್ತಿನ ಒಂದು ಕಂಪನಿಯಲ್ಲಿ ಏಸಿ, ಫ್ರಿಜ್ ರಿಪೇರಿ ಮಾಡುತ್ತಿದ್ದ ಇವರು ಇಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಅದೇ ಕೆಲಸದ ಅಂಗಡಿ ತೆರೆದರು. ಊರಲ್ಲಿ ಫ್ರಿಜ್ ಇದ್ದದ್ದೇ ಬೆರಳೆಣಿಕೆಯ ಮನೆಗಳಲ್ಲಿ. ಅವೂ ಕೆಡುವ ಮನಸ್ಸು ಮಾಡುತ್ತಿರಲಿಲ್ಲ. ಹಾಗಾಗಿ ಮಿಕ್ಸಿ, ಫ್ಯಾನು, ಕೊನೆಗೆ ಟಾರ್ಚನ್ನೂ ಬಿಚ್ಚಿ ಜೋಡಿಸುತ್ತ ಕೂತರು.

ಮಗಳಿಗೆ ಆರು ವರ್ಷ. ಬಂದ ದಿನವೇ, "ನಮ್ಮದು ಎಷ್ಟನೇ ಫ್ಲೋರು?" ಎಂದು ಕೇಳಿದಳು. ಅತ್ತೆ ಹೆಂಚಿನ ಕೆಳಗಿನ ಅಟ್ಟ ತೋರಿಸಿ, "ಅಗೋ, ಅಲ್ಲೊಂದು ಅದ. ಇಲಿ ಅವೆ, ಓಯ್ತೀಯಾ?" ಎಂದರು. ಒಂದು ವಾರದೊಳಗೆ ಆ ಹುಡುಗಿ ಬೀದಿಯ ಎಲ್ಲ ಮನೆಗಳ ಅಡುಗೆಮನೆ ನೋಡಿ ಬಂದಿದ್ದಳು. ಮಸ್ಕತ್ತಿನ ಪಕ್ಕದ ಮನೆಯವರಿಂದ ಕಲಿತ ಮಲಯಾಳಂ ಅವಳಿಗೆ ಇಲ್ಲಿ ದಂಡಿಯಾಗಿ ಉಪಯೋಗಕ್ಕೆ ಬಂತು. ತರಕಾರಿ ತುಂಬಿಸಿಕೊಳ್ಳಲು ಕೇರಳದಿಂದ ಬರುತ್ತಿದ್ದ ಲಾರಿಯವರೆಲ್ಲ ಅವಳಿಗೆ ಚೇಟ್ಟಂದಿರು, ಅಂದರೆ ಅಣ್ಣಂದಿರು, ಆದರು. ತಿಂಗಳು ಕಳೆಯುವುದರಲ್ಲಿ 'ಹೋಗು' ಬಿಟ್ಟು 'ಓಗು' ಎನ್ನತೊಡಗಿದಳು. "ನಿಮ್ಮವ್ವಂಗಿಂತ ನೀನೇ ವಾಸಿ ಕಣಮ್ಮಿ" ಎಂದು ಅತ್ತೆ ಅವಳ ತಲೆ ಸವರುತ್ತಿದ್ದರು. ಅದನ್ನು ನನ್ನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಹೇಳುತ್ತಿದ್ದರು.

ನಾನು ಚಾಮರಾಜನಗರದವಳು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಯಾರ ಮನೆ ಮುಂದೆಯೂ ಬಟ್ಟಲು ಹಿಡಿದು ನಿಲ್ಲಬಾರದು ಎನ್ನುವುದು ಅವರ ಕಟ್ಟಪ್ಪಣೆ. ಮಸ್ಕತ್ತಿನ ಫ್ಲ್ಯಾಟು ಅದಕ್ಕೆ ಇನ್ನಷ್ಟು ಪಾಲಿಶ್ ಹಾಕಿತು. ಅಲ್ಲಿ ಒಂದು ಸಲ ಉಪ್ಪು ಮುಗಿದು, ಪಕ್ಕದ ಮನೆಯ ಬೆಲ್ಲು ಒತ್ತಲು ನಾಚಿಕೊಂಡು, ಇವರಿಗೆ ಉಪ್ಪಿಲ್ಲದ ಸಾರು ಬಡಿಸಿದ್ದೆ. ಇವರು ತುಟಿ ಪಿಟಕ್ಕೆನ್ನದೆ ಉಂಡು, ಕೈ ತೊಳೆದು, "ಬಿಪಿಗೆ ಒಳ್ಳೆಯದು" ಎಂದಷ್ಟೇ ಹೇಳಿದ್ದರು. ಈಗ ಫಾರಿನ್ನಿನಿಂದ ಬಂದವಳು ಎಂಬ ಹೆಸರು ಬೇರೆ ಅಂಟಿಕೊಂಡಿತ್ತಲ್ಲ, ನನ್ನ ನಿಯಮ ಇನ್ನೂ ಬಿಗಿಯಾಯಿತು: ಕೊಡುವುದು ಮಾತ್ರ, ಕೇಳುವುದಿಲ್ಲ. ಸೋಪು, ಪೌಡರು, ಖರ್ಜೂರ ಬೀದಿಗೆಲ್ಲ ಹಂಚಿದೆ. ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆಯಿತ್ತು.

ಎದುರು ಮನೆಯಲ್ಲಿದ್ದವರು ಅತ್ತೆಯ ಗೆಳತಿ. ಅತ್ತೆಗಿಂತ ಎರಡು ವರ್ಷ ದೊಡ್ಡವರು, ಹಾಗಾಗಿ ನನಗೆ ದೊಡ್ಡವ್ವ. ಅತ್ತೆ ಹರದನಹಳ್ಳಿಯಿಂದ ಮದುವೆಯಾಗಿ ಬಂದ ವರ್ಷದಿಂದ, ಅಂದರೆ ನಲವತ್ತು ವರ್ಷದಿಂದ, ದಿನಾ ಮಧ್ಯಾಹ್ನ ಊಟವಾದ ಮೇಲೆ ಮೊರ ಹಿಡಿದು ಬೀದಿ ದಾಟಿ ಬಂದು ನಮ್ಮ ಜಗಲಿಯ ಕಂಬಕ್ಕೆ ಒರಗಿ ಕೂರುವುದು ದೊಡ್ಡವ್ವನ ಪದ್ಧತಿ. ಮೊರದಲ್ಲಿ ಹುರುಳಿಯೋ ಹುಣಸೆಹಣ್ಣೋ ಇರುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಆಡಿಕೊಂಡು, ಬೀದಿಯಲ್ಲಿ ಹೋಗಿಬರುವವರನ್ನೂ ಆಡಿಕೊಂಡು, ಮೂರು ಗಂಟೆಗೆ ಕಾಫಿ ಕುಡಿಯುತ್ತಿದ್ದರು. ಅತ್ತೆಯದು ಪಾಯಸದಂಥ ಕಾಫಿ. ದೊಡ್ಡವ್ವನದಕ್ಕೆ ಸಕ್ಕರೆಯೇ ಇಲ್ಲ. ಅದು ಅವರ ರುಚಿ ಎಂದುಕೊಂಡಿದ್ದೆ.

ನಮ್ಮ ಫ್ರಿಜ್ ಲಾರಿಯಿಂದ ಇಳಿದ ದಿನ ಎಲ್ಲರಿಗಿಂತ ಮೊದಲು ಬಂದವರೂ ಅವರೇ. ಅದರ ಬಾಗಿಲ ಮೇಲೆ ಅಂಗೈ ಆಡಿಸಿ, "ಇದು ಅಗಲೂ ರಾತ್ರಿ ತಣ್ಗೇ ಇರ್ತದವ್ವ?" ಎಂದು ಕೇಳಿದರು.

"ಹಗಲೂ ರಾತ್ರಿ, ದೊಡ್ಡವ್ವ."

"ಕರೆಂಟ್ ಓದ್ರೆ?"

"ಬಾಗಿಲು ತೆಗೆಯದಿದ್ದರೆ ಆಗಲೂ ತಣ್ಣಗೇ ಇರುತ್ತೆ" ಎಂದು ನಾನೇ ಅದನ್ನು ತಯಾರಿಸಿದವಳ ಹಾಗೆ ಹೇಳಿದೆ. ಅವರು ಇನ್ನೇನೋ ಕೇಳುವವರಂತೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೊರಟುಹೋದರು.

ದೊಡ್ಡವ್ವನ ಇನ್ನೊಂದು ಅಭ್ಯಾಸವೂ ನನಗೆ ಬಹಳ ಹಿಡಿಸಿತ್ತು. ಬೆಳಿಗ್ಗೆ ಏಳಕ್ಕೆಲ್ಲ, ಮಳೆಯಿರಲಿ ಮಂಜಿರಲಿ, ಕಂಕುಳಲ್ಲಿ ಒಂದು ಬಟ್ಟೆಚೀಲ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗಿ ಬರುತ್ತಿದ್ದರು. ಕಾಲು ಸ್ವಲ್ಪ ಎಳೆಯುತ್ತಿದ್ದರೂ ಒಂದು ದಿನ ತಪ್ಪಿಸುತ್ತಿರಲಿಲ್ಲ. ನಾನು ಕಿಟಕಿಯಿಂದಲೇ, "ವಾಕಿಂಗ್ ಮಾತ್ರ ಬಿಡಬೇಡಿ ದೊಡ್ಡವ್ವ, ಆರೋಗ್ಯಕ್ಕೆ ಅದರಂಥದ್ದು ಇನ್ನೊಂದಿಲ್ಲ" ಎಂದು ಉಪದೇಶ ಕೊಡುತ್ತಿದ್ದೆ. ಅವರು ತಿರುಗಿ ನೋಡಿ ನಕ್ಕು ಮುಂದೆ ಹೋಗುತ್ತಿದ್ದರು.

ಅವರ ಮನೆಯ ಮುಂದೆ ಒಂದು ಕರಿಬೇವಿನ ಮರವಿತ್ತು. ಗಿಡವಲ್ಲ, ಹೆಂಚಿನಿಂದ ಮೇಲಕ್ಕೆ ಹೋಗಿ ಅರ್ಧ ಬೀದಿಗೆ ನೆರಳು ಕೊಡುತ್ತಿದ್ದ ಮರ. ಅಡುಗೆ ನನ್ನ ಕೈಗೆ ಬಂದ ವಾರ ನಾನು ಸಂತೆಗೆ ಹೋಗಿ, ಟೊಮೆಟೊ, ಬದನೆಕಾಯಿಯ ಜೊತೆ ಒಂದು ಕಟ್ಟು ಕರಿಬೇವನ್ನೂ ಕೊಂಡೆ. ಬರುವಾಗ ದೊಡ್ಡವ್ವ ಅದೇ ಮರದ ಕೆಳಗೆ ನಿಂತಿದ್ದರು. ನನ್ನ ವೈರ್ ಬುಟ್ಟಿಯಿಂದ ಹೊರಗೆ ಇಣುಕುತ್ತಿದ್ದ ಸೊಪ್ಪನ್ನು ನೋಡಿದರು.

"ಅದೇನವ್ವ ಸೊಪ್ಪು?"

"ಕರಿಬೇವು ದೊಡ್ಡವ್ವ. ಎಷ್ಟು ಫ್ರೆಶ್ ಆಗಿದೆ ನೋಡಿ. ನಿಮಗೂ ಒಂದೆರಡು ಕಡ್ಡಿ ಕೊಡಲಾ?"

ಅವರ ತಲೆಯ ಮೇಲೆ ಆ ಮರ ಹಸಿರಾಗಿ ತೂಗುತ್ತಿತ್ತು. ನಾನು ಬುಟ್ಟಿಗೆ ಕೈ ಹಾಕಿ ಎರಡು ಕಡ್ಡಿ ಹಿರಿದೂ ಆಗಿತ್ತು.

"ಬ್ಯಾಡ ಕಣವ್ವ. ನಮ್ಗೂ ಒಂದೆರಡ್ ಎಲ ಅದ" ಎಂದು ಅವರು ಒಳಗೆ ಹೋದರು.

ಮಾರನೆಯ ಮಧ್ಯಾಹ್ನ ಅವರು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಜ್ವರವೇನೋ ಎಂದುಕೊಂಡರೆ ಬೆಳಗಿನ ವಾಕಿಂಗ್ ಸಾಂಗವಾಗಿ ನಡೆದಿತ್ತು. ನಾನು ನೆಂಟಸ್ತಿಕೆ ಗಟ್ಟಿ ಮಾಡಲು ಒಂದು ಡಬ್ಬಿ ಖರ್ಜೂರ ಕೊಟ್ಟು ಬಂದೆ. ಸಂಜೆಯೊಳಗೆ ಅದೇ ಡಬ್ಬಿ ಬೆಲ್ಲದಚ್ಚು ತುಂಬಿಕೊಂಡು ವಾಪಸ್ಸು ಬಂತು. ಎಷ್ಟು ಒಳ್ಳೆಯ ಜನ ಎಂದು ನಾನು ಇವರ ಹತ್ತಿರ ಹೇಳಿಕೊಂಡೆ.

ಅತ್ತೆ ಮಾತ್ರ ದಿನದಿನಕ್ಕೆ ಮಂಕಾದರು. ನಾನು ಮುದ್ದೆಯಲ್ಲಿ ಗಂಟು ಬಿಟ್ಟರೂ ಆಡಿಕೊಳ್ಳುತ್ತಿರಲಿಲ್ಲ; ಅದೇ ನನಗೆ ಹೆದರಿಕೆ ಹುಟ್ಟಿಸಿತು. ಮಧ್ಯಾಹ್ನ ಜಗಲಿಯ ಮೇಲೆ ಚಾಪೆ ಹಾಸಿ ಒಬ್ಬರೇ ಕೂರುತ್ತಿದ್ದರು. ಮೂರು ಗಂಟೆಗೆ ಎರಡು ಲೋಟ ಕಾಫಿ ಬೆರೆಸುತ್ತಿದ್ದರು, ಒಂದಕ್ಕೆ ಸಕ್ಕರೆ ಹಾಕದೆ. ಸ್ವಲ್ಪ ಹೊತ್ತು ಎದುರು ಬಾಗಿಲು ನೋಡಿ, ಆಮೇಲೆ ಸಕ್ಕರೆಯಿಲ್ಲದ್ದನ್ನೂ ಮುಖ ಹಿಂಡಿಕೊಂಡು ತಾವೇ ಕುಡಿಯುತ್ತಿದ್ದರು.

ಶ್ರಾವಣ ಬಂತು. ಪ್ರತಿವರ್ಷ ಶ್ರಾವಣದ ಒಂದು ಶನಿವಾರ ಇಬ್ಬರೂ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವುದುಂಟು. ಮೊದಲ ಶನಿವಾರ ಹೋಗಲಿಲ್ಲ, ಎರಡನೆಯದೂ ಹೋಗಲಿಲ್ಲ. ಯಾಕತ್ತೆ ಎಂದರೆ ಮಂಡಿ ನೋವು ಎಂದರು. ಹಾಗೆಂದವರು ಅದೇ ಗಳಿಗೆಯಲ್ಲಿ ಮೊಮ್ಮಗಳ ಹಿಂದೆ ಹಿತ್ತಲಿಗೆ ಓಡಿದರು. ಅವತ್ತು ನಾನು ಬಿಡಲಿಲ್ಲ.

"ಮಂಡಿ ನೋವೂ ಇಲ್ಲ, ಮಣ್ಣೂ ಇಲ್ಲ ಕಣವ್ವ" ಎಂದರು ಕೊನೆಗೆ. "ಅವ್ಳು ಬರಾಕಿಲ್ಲ, ನಾನೊಬ್ಳೇ ಓಗಾಕಿಲ್ಲ."

"ಯಾಕೆ? ಏನಾಯಿತು?"

"ಏನಾಯ್ತಾ? ಅವ್ಳ ಮರದ್ ಕೆಳ್ಗೇ ಕರಿಬೇವ್ ಕೊಂಡ್ಕೊಂಡ್ ಬಂದ್ಯಲ್ಲ. ಅದೂ ಸಾಲ್ದು ಅಂತ ಅವ್ಳ್ಗೇ ಒಂದ್ ಕಡ್ಡಿ ಕೊಡಾಕ್ ಓದೆ."

ನನಗೆ ನಗುವೂ ಬಂತು, ಅಳುವೂ ಬಂತು. "ಅಯ್ಯೋ, ಅವರಿಗೆ ತೊಂದರೆ ಕೊಡಬಾರದು ಅಂತ ಅತ್ತೆ!"

"ತೊಂದ್ರ ಕೊಡ್ದೇ ಇರೋರು ನಮ್ಗ ಏನಾಗ್ಬೇಕವ್ವ? ಬಂದು ನಾಕ್ ತಿಂಗ್ಳಾಯ್ತು. ಒಂದಿನ ಎಪ್ಪು ಕೇಳ್ನಿಲ್ಲ, ಒಂದ್ ಕಡ್ಡಿ ಸೊಪ್ಪು ಕೇಳ್ನಿಲ್ಲ. ನಿನ್ ಸೊಸಗ ನಮ್ ಮನ ಬ್ಯಾಡ ಕಣಮ್ಮಿ ಅಂದ್ಬುಟ್ಳು. ನಾನ್ ಏನ್ ಯೋಳ್ಲಿ?"

ಮೊಸರಿನ ಹೆಪ್ಪಿಗೆ ನಾನು ಫ್ರಿಜ್ಜಿನಲ್ಲಿ ಪುಟ್ಟ ಡಬ್ಬಿಯೊಂದನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದೆ. ಅದರ ಬಗ್ಗೆಯೂ ನನಗೆ ಹೆಮ್ಮೆಯಿತ್ತು.

"ಇದನ್ನು ಮೊದಲೇ ಹೇಳಬಾರದಿತ್ತಾ ಅತ್ತೆ?"

"ಯೋಳಿದ್ರ ನೀನು ನನ್ ಮಾತ್ಗ ಓಗ್ತಿದ್ದೆ. ನಿಂಗೇ ತಿಳೀಲಿ ಅಂತ ಸುಮ್ಕಿದ್ದೆ. ಈಗ್ ನೋಡುದ್ರ ನಿಂಗ್ ತಿಳಿಯೋ ಅಷ್ಟ್ರಲ್ಲಿ ನಾನೇ ಇರಾಕಿಲ್ಲ." ಮೂರು ತಿಂಗಳ ಮೇಲೆ ಅತ್ತೆ ನನ್ನನ್ನು ಆಡಿಕೊಂಡಿದ್ದರು. ನನಗೆ ಎಷ್ಟೋ ಸಮಾಧಾನವಾಯಿತು.

ಆದರೆ ಕೇಳುವುದು ಅಂದುಕೊಂಡಷ್ಟು ಸುಲಭವಲ್ಲ. ಬೀದಿಯ ಅಗಲ ಹತ್ತು ಹೆಜ್ಜೆ. ಮೊದಲ ದಿನ ಹೋಗಿ, "ಮೋಡ ಕಟ್ಟಿದೆ ಅಲ್ಲವಾ ದೊಡ್ಡವ್ವ" ಎಂದು ಬಂದೆ. ಎರಡನೆಯ ದಿನ ಹೋಗಿ, ಮೋಡ ಹೋಯಿತು ಎಂದು ಹೇಳಿ ಬಂದೆ. ಎರಡು ದಿನವೂ ಅವರು "ಊ" ಎಂದರು. ಮಗಳು, "ನಾನ್ ಇಸ್ಕಂಬತ್ತೀನಿ ಬುಡು" ಎಂದು ಹೊರಟಳು. ಅತ್ತೆ ಅವಳ ರಟ್ಟೆ ಹಿಡಿದು ಕೂರಿಸಿದರು.

ಮೂರನೆಯ ದಿನ ನಾನು ಕೊತ್ತಂಬರಿ ಸೋಸುತ್ತಿದ್ದಾಗ ಅತ್ತೆ ಒಲೆಯ ಮೇಲೆ ಬಾಣಲೆ ಇಟ್ಟು, ಎಣ್ಣೆ ಸುರಿದು, ಸಾಸಿವೆ ಹಾಕಿಯೇ ಬಿಟ್ಟರು. ಡಬ್ಬಿಯಲ್ಲಿದ್ದ ನನ್ನ ಸಂತೆಯ ಕರಿಬೇವು ಮಾಯವಾಗಿತ್ತು. ಆಮೇಲೆ ಹಿತ್ತಲ ಗೊಬ್ಬರದ ಗುಂಡಿಯಲ್ಲಿ ಸಿಕ್ಕಿತು.

"ಸಾಸ್ವೆ ಸಿಡೀತಾ ಅದ. ಓಗು!"

ನಾನು ಬರಿಗಾಲಲ್ಲಿ ಓಡಿದೆ. ದೊಡ್ಡವ್ವ ಹೊಸಿಲ ಮೇಲೆ ಕೂತು ರಾಗಿ ಹಸನು ಮಾಡುತ್ತಿದ್ದರು.

"ದೊಡ್ಡವ್ವ, ಒಂದು ಕಡ್ಡಿ ಕರಿಬೇವು ಕೊಡಿ. ಒಗ್ಗರಣೆ ಸೀದುಹೋಗುತ್ತೆ!"

ಅವರು ಮೊರದಲ್ಲಿನ ಒಂದು ಕಲ್ಲನ್ನು ಹುಡುಕಿ, ತೆಗೆದು, ನೋಡಿ, ಬೀದಿಗೆ ಎಸೆದರು. "ಯಾಕವ್ವ, ಇವತ್ತು ಸಂತ ಇಲ್ವ?"

"ಇಲ್ಲ ದೊಡ್ಡವ್ವ."

"ಮರ ಅಲ್ಲೇ ನಿಂತದಲ್ಲ. ಒಂದ್ ಕಡ್ಡಿ ಕುಯ್ಕೊಂಡ್ ಓಗಾಕ ನನ್ನೇನ್ ಕೇಳೀಯೆ?" ಎಂದು ಬೈದರು. ಕೇಳಲಿಲ್ಲವೆಂದು ಮೂರು ತಿಂಗಳು ಮುನಿಸು, ಕೇಳಿದ್ದಕ್ಕೆ ಬೈಗುಳ! ನಾನು ಕೈಗೆ ಸಿಕ್ಕಿದಷ್ಟು ಕಿತ್ತುಕೊಂಡು ಓಡಿದೆ. ಸಾಸಿವೆ ಕರ್ರಗಾಗಿತ್ತು. ಆ ಸಾರನ್ನು ಅತ್ತೆ ಎರಡು ಸಲ ಬಡಿಸಿಕೊಂಡರು.

ಮಧ್ಯಾಹ್ನ ಮೊರ ಹಿಡಿದು ದೊಡ್ಡವ್ವ ಬೀದಿ ದಾಟಿ ಬಂದರು, ನಿನ್ನೆಯೂ ಬಂದಿದ್ದವರ ಹಾಗೆ. "ದಾರಿ ಮರ್ತೋಗಿತ್ತಾ?" ಎಂದರು ಅತ್ತೆ. "ನಿನ್ ಸೊಸ ಇವತ್ತು ತೋರಿಸ್ಕೊಟ್ಳು" ಎಂದರು ಅವರು. ಬರುವ ಶನಿವಾರವೇ ಬೆಟ್ಟಕ್ಕೆಂದು ನಿಶ್ಚಯವಾಯಿತು; ಬುತ್ತಿಗೆ ಪುಳಿಯೋಗರೆಯೋ ಮೊಸರನ್ನವೋ ಎಂದು ಜಗಳವೂ ಆಯಿತು. ಕಾಫಿ ಕುಡಿದು ಮುಗಿಸಿದ ಮೇಲೆ ದೊಡ್ಡವ್ವ ಖಾಲಿ ಲೋಟವನ್ನು ಸುಮ್ಮನೆ ತಿರುಗಿಸುತ್ತ ನನ್ನ ಕಡೆ ನೋಡಿದರು.

"ಅವ್ವ, ಆ ನಿನ್ ಪೆಟ್ಗೇಲಿ ಒಂದ್ ಸೀಸ ಮಡಗಾಕ ಜಾಗ ಆದದಾ?"

"ಎಂಥ ಸೀಸೆ ದೊಡ್ಡವ್ವ?"

"ಸಕ್ಕರ ಕಾಯ್ಲದು, ಸೂಜಿ ಔಸ್ದಿ. ತಣ್ಗಿರ್ಬೇಕಂತ. ಬಸ್ ಸ್ಟ್ಯಾಂಡ್ ತಾವ ಮೆಡಿಕಲ್ ಸ್ಟೋರ್ನೋರ ಫ್ರಿಜ್ನಲ್ಲಿ ಮಡಗೀನಿ. ದಿನಾ ಬೆಳಗ್ಗ ಅಲ್ಲಿಗಂಟ ಓಗಿ ಚುಚ್ಕಂಡ್ ಬತ್ತೀನಿ. ಕಾಲ್ ಬತ್ತಾ ಇಲ್ಲ ಕಣವ್ವ ಈಚೀಚ್ಗ."

ಕಿಟಕಿಯಲ್ಲಿ ನಿಂತು ನಾನು ಕೊಡುತ್ತಿದ್ದ ವಾಕಿಂಗ್ ಉಪದೇಶಗಳೆಲ್ಲ ಒಂದೊಂದಾಗಿ ನೆನಪಾದವು. ಹತ್ತು ಹೆಜ್ಜೆ ದೂರದಲ್ಲಿ ನನ್ನ ಫ್ರಿಜ್ಜು ಖರ್ಜೂರವನ್ನೂ ಹೆಪ್ಪಿನ ಡಬ್ಬಿಯನ್ನೂ ಹಗಲೂ ರಾತ್ರಿ ತಣ್ಣಗಿಟ್ಟುಕೊಂಡು ಕೂತಿತ್ತು. ನಾಚಿಕೆಯಿಂದ ನನ್ನ ಕಣ್ಣು ತುಂಬಿತು. "ಮೊದಲ ದಿನವೇ ಕೇಳಬಾರದಿತ್ತಾ ದೊಡ್ಡವ್ವ?" ಎಂದೆ.

"ಅವತ್ತೇ ಕೇಳನ ಅಂತ ಬಂದಿದ್ದೆ. ವಸಿ ದಿನ ಓಗ್ಲಿ ಅನ್ಕಂಡೆ" ಎಂದರು ಅವರು, ಈ ಸಲ ಸ್ವಲ್ಪವೂ ಆಡಿಕೊಳ್ಳದೆ. "ಆಮೇಲ ನೋಡುದ್ರ ನೀನು ಒಂದ್ ಕಡ್ಡಿ ಕರಿಬೇವೂ ಕೇಳಾಕಿಲ್ಲ. ನಾನ್ ಯಾವ್ ಬಾಯಲ್ಲಿ ಕೇಳ್ಲವ್ವ?"

ಆ ಸಂಜೆ ಮೇಲಿನ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿದೆ. ಇವರೇ ಮೆಡಿಕಲ್ ಸ್ಟೋರಿಗೆ ಹೋಗಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಹೆಬ್ಬೆರಳ ಗಾತ್ರದ ಆ ಸೀಸೆಯನ್ನು ತಂದರು. ಅಷ್ಟು ದೊಡ್ಡ ತಟ್ಟೆಯಲ್ಲಿ ಅದೊಂದೇ ಕೂತಿತ್ತು.

ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ದೊಡ್ಡವ್ವ ಬೀದಿ ದಾಟಿ, ಜಗಲಿ ಹತ್ತಿ, ನೇರ ಅಡುಗೆಮನೆಗೇ ಬಂದರು. ದಾರಿಗೆ ಅಡ್ಡವಾಗಿದ್ದ ನನ್ನನ್ನು ಮೊಣಕೈಯಿಂದ ಬದಿಗೆ ಸರಿಸಿ ಫ್ರಿಜ್ಜಿನ ಬಾಗಿಲು ತೆಗೆದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.