ಹನ್ನೆರಡನೆಯ ಮುಳ್ಳು

ಮಳವಳ್ಳಿಯ ಕೆರೆ ಏರಿಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕುಲ್ಸುಮ್ ಜಾಲಿ ಕೊಂಬೆಯೊಂದನ್ನು ಬಾಗಿಸಿ ಹಿಡಿದು ಮುಳ್ಳು ಆರಿಸುತ್ತಿದ್ದಾರೆ. ಕಂಡಕಂಡ ಮುಳ್ಳು ಆಗುವುದಿಲ್ಲ. ನೆಟ್ಟಗಿರಬೇಕು, ಚೆನ್ನಾಗಿ ಬಲಿತಿರಬೇಕು. ಇವತ್ತು ಕಿತ್ತದ್ದು ಒಣಗಿ ಮುಂದಿನ ಸಂತೆಗೆ ಬರುತ್ತದೆ. ಹನ್ನೊಂದು ಪ್ಲೇಟಿಗೆ ಹನ್ನೊಂದು ಮುಳ್ಳು, ಮುರಿದರೆ ಇರಲಿ ಎಂದು ಮೇಲೊಂದು. ದನ ಹೊಡೆದುಕೊಂಡು ಬಂದ ಚಿಕ್ಕಣ್ಣ, "ಸೌದೆ ಬುಟ್ಟು ಮುಳ್ಳು ಆರಿಸ್ತೀಯಲ್ಲಕ್ಕ" ಎಂದು ರೇಗಿಸುತ್ತಾನೆ.

"ಊರೋರು ಕಾಲಿನ ಮುಳ್ಳು ತಗೀತಾರೆ. ನಾನು ಕಿವಿಗೆ ಮುಳ್ಳು ಕೊಡ್ತೀನಿ, ವೋಗಪ್ಪ" ಎನ್ನುತ್ತಾರೆ ಕುಲ್ಸುಮ್.

ಅವರ ಮಾತು ತಮಾಷೆಯಲ್ಲ. ಊರಿನ ವಾಚನಾಲಯದ ಜಗುಲಿಗೆ ಪ್ರತಿ ಸಂತೆಯಂದು ಕಣ್ಣಿಲ್ಲದ ಒಂಬತ್ತು ಮಂದಿ ಓದಲು ಬರುತ್ತಾರೆ. ಓದುವುದೆಂದರೆ ಗ್ರಾಮಫೋನಿನ ಮುಂದೆ ಕೂರುವುದು. ಅವರ ಪುಸ್ತಕವೆಂದರೆ ಹನ್ನೊಂದು ಅಲ್ಯೂಮಿನಿಯಂ ಪ್ಲೇಟು. ಐದು ವರ್ಷದ ಹಿಂದೆ ಮರಿಸಿದ್ದಯ್ಯ ಮೇಷ್ಟ್ರು ತಾವೇ ಬರೆದ ಹರಿಗೋಲು ಅಂಬಿಗನ ಕಥೆಯನ್ನು ಗ್ರಾಮಫೋನಿನ ತುತ್ತೂರಿಯೊಳಗೆ ಬಾಯಿಟ್ಟು ಓದಿದರು. ಕುಲ್ಸುಮ್ ಅವರ ಗಂಡ, ಗಡಿಯಾರ ರಿಪೇರಿಯ ನಜೀರ್ ಅಹ್ಮದ್, ಕೀಲಿ ಕೊಟ್ಟು ಮೊಳೆಯಿಂದ ಪ್ಲೇಟಿನ ಮೇಲೆ ಆ ದನಿ ಕೆತ್ತಿಸಿದರು. ಈಗ ಇಬ್ಬರೂ ಇಲ್ಲ. ಪ್ಲೇಟು ಬಲು ಮೆತ್ತಗೆ. ಉಕ್ಕಿನ ಸೂಜಿ ತಗುಲಿದರೆ ಕೆತ್ತಿದ್ದೆಲ್ಲ ಹೆರೆದು ಹೋಗುತ್ತದೆ. ಸೂಜಿಯ ಜಾಗಕ್ಕೆ ಮುಳ್ಳು ಸಿಕ್ಕಿಸಿದರೆ ಅದು ತಾನು ಸವೆದು ಪ್ಲೇಟನ್ನು ಉಳಿಸುತ್ತದೆ.

ಗಂಡ ತೀರಿಕೊಂಡ ಮೇಲೆ ಕುಲ್ಸುಮ್‌ಗೆ ವಾಚನಾಲಯದ ಕಸ ಗುಡಿಸುವ ಕೆಲಸ ಸಿಕ್ಕಿತು. ಗ್ರಾಮಫೋನು ಅದರ ಜೊತೆಗೇ ಬಂತು. "ನಂಗೆ ಅಕ್ಸರ ಬರಕ್ಕಿಲ್ಲ. ಆದ್ರೂ ಒಂಬತ್ತು ಜನಕ್ಕೆ ಓದುಸ್ತೀನಿ" ಎಂದು ನಗುತ್ತಾರೆ.

ಆ ನಗು ಆಷಾಢದಲ್ಲಿ ಒಮ್ಮೆ ಆರಿಹೋಗಿತ್ತು. ವಾರವಿಡೀ ಜಡಿಮಳೆ, ಮುಳ್ಳು ಒಣಗಲಿಲ್ಲ. ಹತ್ತು ಪ್ಲೇಟಿನ ಹೊತ್ತಿಗೆ ಇದ್ದ ಒಣ ಮುಳ್ಳೆಲ್ಲ ಮುಗಿದವು. ಕಿರುಗಾವಲಿನಿಂದ ನೆನೆದುಕೊಂಡು ಬಂದವರನ್ನು ಕಥೆಯ ನಡುನೀರಿನಲ್ಲಿ ಕೈಬಿಡುವುದು ಹೇಗೆ? ಒಂದೇ ಒಂದು ಸಲ ಎಂದುಕೊಂಡು ಉಕ್ಕಿನ ಸೂಜಿ ಇಟ್ಟುಬಿಟ್ಟರು. ಪ್ಲೇಟಿನಿಂದ ಬೆಳ್ಳಿ ಎಳೆಗಳಂಥ ಚೂರು ಎದ್ದವು. ಅಂಬಿಗ ದಡ ಸೇರುವ ಹನ್ನೊಂದನೆಯ ಪ್ಲೇಟು ಹಾಳಾಯಿತು. ಅದರ ತುದಿಯಲ್ಲಿ ಮೇಷ್ಟ್ರು "ಮುಗೀತು" ಎಂದದ್ದಕ್ಕೆ ನಜೀರ್ "ಆಯ್ತು ಸ್ವಾಮಿ" ಎಂದಿದ್ದರು. ಗಂಡನ ದನಿ ಈ ಲೋಕದಲ್ಲಿ ಉಳಿದಿದ್ದದ್ದು ಅಲ್ಲೊಂದೇ ಕಡೆ.

"ನನ್ನ ಕೈಯಾರೆ ಅಳಿಸ್ದೆ" ಎನ್ನುತ್ತಾರೆ ಅವರು. ಹೆಚ್ಚು ಹೇಳುವುದಿಲ್ಲ.

ಅಂದಿನಿಂದ ಕಥೆ ಹೊಳೆಯ ನಡುವೆ ನಿಂತಿದೆ. ಮುಳ್ಳಿನ ಲೆಕ್ಕವನ್ನು ಮಾತ್ರ ಕುಲ್ಸುಮ್ ಇಳಿಸಿಲ್ಲ. ಶ್ರಾವಣದಲ್ಲಿ ಹೊಸದಾಗಿ ಬಂದ ಮಂಗಳಮ್ಮ ಪ್ರತಿ ವಾರವೂ "ಅಂಬಿಗ ಬದುಕುದ್ನಾ?" ಎಂದು ಕೇಳುತ್ತಾಳೆ. ಹಗ್ಗ ಹೊಸೆಯುವ ಮಾದಯ್ಯನಿಗೆ ಕಥೆ ಬಾಯಿಪಾಠ, ಆದರೂ ಬಾಯಿ ಬಿಡುವುದಿಲ್ಲ. "ಯೋಳೋದು ಬ್ಯಾರೆ, ಓದೋದು ಬ್ಯಾರೆ ಕಣವ್ವ" ಎಂದು ಗದರುತ್ತಾನೆ.

ಅಲ್ಮೇರಾದಲ್ಲಿ ಒಂದೇ ಒಂದು ಖಾಲಿ ಪ್ಲೇಟು ಉಳಿದಿದೆ. ಅಲ್ಯೂಮಿನಿಯಂ ಎಲ್ಲ ಯುದ್ಧಕ್ಕೆ ಹೋಗುತ್ತಿದೆ, ಅದು ಮುಗಿಯುವವರೆಗೂ ಇನ್ನೊಂದು ಸಿಗುವುದಿಲ್ಲ. ಈ ಸಂತೆಯ ಬೆಳಿಗ್ಗೆ ಕುಲ್ಸುಮ್ ಅದನ್ನು ಒರೆಸಿ ಇಟ್ಟು, ಗಂಡ ಮಾಡುತ್ತಿದ್ದುದನ್ನು ನೆನೆದು ಕೀಲಿ ಕೊಡುತ್ತಾರೆ. ಮಾದಯ್ಯ ತುತ್ತೂರಿಯನ್ನು ತಡವಿ ನೋಡಿ ಹತ್ತಿರ ಕೂರುತ್ತಾನೆ.

"ತಡವರಿಸಿದ್ರೆ ವೋಯ್ತು ಮಾದಣ್ಣ. ಅಳಿಸಿ ಬರೆಯೋಕೆ ಸಲೇಟಲ್ಲ."

"ಸುಮ್ನೆ ತಿರುಗ್ಸಕ್ಕ."

ಎರಡು ನಿಮಿಷ ಜಗುಲಿಯಲ್ಲಿ ಯಾರೂ ಕೆಮ್ಮುವುದಿಲ್ಲ. ಕೆಮ್ಮುವವನು ಮಾದಯ್ಯ ಒಬ್ಬನೇ, ಅದೂ ಮೇಷ್ಟ್ರು ಕೆಮ್ಮಿದ ಜಾಗದಲ್ಲಿ. ಹರಿಗೋಲು ಸುಳಿಯಿಂದ ಪಾರಾಗುತ್ತದೆ, ಅಂಬಿಗನ ಕಾಲಿಗೆ ಮರಳು ತಾಕುತ್ತದೆ. "ಮುಗೀತು" ಎನ್ನುತ್ತಾನೆ ಮಾದಯ್ಯ. ಕುಲ್ಸುಮ್ ಕೆತ್ತುವ ಮೊಳೆಯನ್ನು ಎತ್ತಲು ಕೈ ಚಾಚುವಷ್ಟರಲ್ಲಿ ಅವನು ದನಿ ತಗ್ಗಿಸಿ, "ಆಯ್ತು ಸ್ವಾಮಿ" ಎಂದು ಸೇರಿಸುತ್ತಾನೆ.

ಕುಲ್ಸುಮ್ ಮೊಳೆಯನ್ನು ಎತ್ತಿಡುತ್ತಾರೆ. "ಅದ ಯಾಕೆ ಯೋಳ್ದೆ ಮಾದಣ್ಣ? ನಾನು ಕೇಳ್ನಿಲ್ಲವಲ್ಲ."

"ಪ್ಲೇಟ್‌ನಾಗೆ ಇತ್ತು ಕಣಕ್ಕ. ಓದೋನು ಒಂದಕ್ಸರಾನೂ ಬುಡಬಾರ್ದು."

ಮಧ್ಯಾಹ್ನ ಒಂಬತ್ತು ಮಂದಿಯೂ ಸೇರುತ್ತಾರೆ. ಹತ್ತು ಪ್ಲೇಟಿನಲ್ಲಿ ಮೇಷ್ಟ್ರು, ಹನ್ನೊಂದನೆಯದರಲ್ಲಿ ಮಾದಯ್ಯ. ಅಂಬಿಗ ದಡ ಸೇರಿದಾಗ ಮಂಗಳಮ್ಮ "ಸದ್ಯ!" ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. ಸಂತೆಗೆ ಹೊತ್ತಾಯಿತೆಂದು ಒಬ್ಬೊಬ್ಬರೇ ಕೋಲು ತಡಕುತ್ತಾರೆ.

"ವಸಿ ತಾಳ್ರಪ್ಪ" ಎನ್ನುತ್ತಾರೆ ಕುಲ್ಸುಮ್. ಇಷ್ಟು ದಿನದಲ್ಲಿ ತಮಗಾಗಿ ಏನನ್ನೂ ಕೇಳದವರು. "ಕೊನೇದ ಇನ್ನೊಂದು ಕಿತ ಹಾಕ್ತೀನಿ."

ಮುರಿದರೆ ಇರಲಿ ಎಂದು ಇಟ್ಟಿದ್ದ ಹನ್ನೆರಡನೆಯ ಮುಳ್ಳನ್ನು ತೆಗೆದು, ತುದಿಯನ್ನು ಬೆರಳಿಗೆ ಒತ್ತಿ ನೋಡಿ, ಪ್ಲೇಟಿನ ಮೇಲೆ ಮೆಲ್ಲಗೆ ಇಳಿಸುತ್ತಾರೆ.