ಪಿಳ್ಳಮ್ಮಕ್ಕನಿಗೆ ಮುಖ ತೋರಿಸುವುದು

ಪಿಳ್ಳಮ್ಮಕ್ಕನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯಿಂದ ಕಲಿತ ನಶ್ಯ ಅವರ ಮೂಗನ್ನು ಪೂರ್ತಿ ತಿಂದುಹಾಕಿತ್ತು. ಅವರಿಗೆ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ. ಹಾಲು ಕೆಟ್ಟಿದೆಯೇ ಎಂದು ನೋಡಬೇಕಾದರೆ ಬೀದಿಯಲ್ಲಿ ಹೋಗುತ್ತಿದ್ದವರನ್ನು ಕರೆದು ಪಾತ್ರೆಯನ್ನು ಅವರ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಪಾಪ, ಅವರು ಏನೋ ಹೇಳಲು ಬಾಯಿ ತೆರೆದರೆ, "ಮಾತು ಬ್ಯಾಡ, ಮುಖ ತೋರ್ಸು," ಎಂದು ಗದರುತ್ತಿದ್ದರು. ಮೂಗಿನ ಹೊಳ್ಳೆ ಒಂಚೂರು ಅಲುಗಿದರೆ ಸಾಕು, ಹಾಲು ತಿಪ್ಪೆ ಸೇರುತ್ತಿತ್ತು.

ಇಂಥ ಹೆಂಗಸು ನಮ್ಮ ಗ್ರಾಮ ಪಂಚಾಯಿತಿಗೆ ಅಧ್ಯಕ್ಷೆಯಾಗಿ, ಊರಿನ ದುರ್ವಾಸನೆ ತೊಲಗಿಸಲು ಹೊರಟರಲ್ಲ, ನಮಗೆಲ್ಲ ಅದೇ ದೊಡ್ಡ ತಮಾಷೆ.

ನಮ್ಮೂರು ವೈಟ್‌ಫೀಲ್ಡಿನಿಂದಾಚೆ ಇದೆ. ಒಳಚರಂಡಿ ಇನ್ನೂ ಬಂದಿಲ್ಲ. ರಾಗಿ ಹೊಲಗಳಲ್ಲಿ ಎದ್ದ ಪಿ.ಜಿ.ಗಳಿಗೂ ಬಾಡಿಗೆ ವಠಾರಗಳಿಗೂ ನೆಲದಡಿಯ ಗುಂಡಿಯೇ ಗತಿ. ಗುಂಡಿ ತುಂಬಿದಾಗ ಟ್ಯಾಂಕರ್ ಬಂದು ಹೀರಿಕೊಂಡು, ಊರಂಚಿನ ಮಲ ಸಂಸ್ಕರಣಾ ಘಟಕದಲ್ಲಿ ಸುರಿಯುತ್ತದೆ. ಘಟಕ ಕಟ್ಟಿದಾಗ ಊರು ಚಿಕ್ಕದಿತ್ತು. ಆಮೇಲೆ ಊರು ಬೆಳೆಯಿತು, ಘಟಕ ಅಷ್ಟೇ ಉಳಿಯಿತು. ತೊಟ್ಟಿಯಲ್ಲಿದ್ದದ್ದು ಒಣಗುವ ಮೊದಲೇ ಮತ್ತೊಂದು ಟ್ಯಾಂಕರ್ ಬಂದು ಹಾರನ್ ಹೊಡೆಯುತ್ತಿತ್ತು. ಅದರ ಬೇಲಿಗೆ ಅಂಟಿಕೊಂಡೇ ನನ್ನ ಅಂಗನವಾಡಿ. ಜಾಗ ಆರಿಸಿದ ಪುಣ್ಯಾತ್ಮರು ಯಾರೋ, ಒಂದು ದಿನ ಬಂದು ಅಲ್ಲಿ ಉಣ್ಣಬೇಕಿತ್ತು ಎಂದು ನಾನು ಎಷ್ಟು ಸಲ ಶಪಿಸಿದ್ದೇನೋ.

ಕೊನೆಗೆ, ಇಲ್ಲಿ ಮಕ್ಕಳನ್ನು ಕೂರಿಸುವುದು ಸರಿಯಲ್ಲ, ಅಂಗನವಾಡಿ ಮುಚ್ಚಿ ಹೆದ್ದಾರಿಯಾಚೆಯ ಕೇಂದ್ರಕ್ಕೆ ಸೇರಿಸುತ್ತೇವೆ ಎಂದು ಮೇಲಿನವರು ಹೇಳಿದರು. ನನ್ನಲ್ಲಿಗೆ ಬರುತ್ತಿದ್ದವರೆಲ್ಲ ಯಾದಗಿರಿ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು. ಯಾದಗಿರಿಯ ರೇಣುಕಾ ಗಾರೆ ಕೆಲಸಕ್ಕೆ ಹೋಗುವ ಮುಂಚೆ ಮಗಳನ್ನು ಬಿಟ್ಟು ಹೋಗುತ್ತಿದ್ದಳು. "ಆ ಹೈವೇ ದಾಟಿಸಿ ಕೂಸಿನ್ನ ಎಲ್ಲಿ ಬಿಡ್ಲಿ ರೀ ಟೀಚರ್? ಕೆಲಸಾ ಬಿಡಬೇಕಾಕ್ಕತಿ," ಎಂದು ಒಂದು ಮಧ್ಯಾಹ್ನ ಬಂದು ಅತ್ತಳು. ಪಿಳ್ಳಮ್ಮಕ್ಕ ಅಂಗನವಾಡಿಯ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಮಧ್ಯಾಹ್ನ ಅಲ್ಲಿ ಕೂತು ಮಕ್ಕಳ ಊಟ ನೋಡುವುದು ಅವರ ರೂಢಿ. ಯಾವ ಮಗುವಿಗೆ ಜ್ವರ, ಯಾವುದು ಮನೆಯಲ್ಲಿ ಏಟು ತಿಂದು ಬಂದಿದೆ, ಎಲ್ಲ ಮುಖದಲ್ಲೇ ಹಿಡಿಯುತ್ತಿದ್ದರು. ಅವತ್ತು ರೇಣುಕಾಳ ಮುಖ ನೋಡಿದವರು ತಟ್ಟನೆ ಎದ್ದು ಹೋದರು.

ಹಳ್ಳಿಗಳ ಇಂಥ ಘಟಕಗಳನ್ನು ಮೇಲ್ದರ್ಜೆಗೇರಿಸಲು ಸರ್ಕಾರ ಅನುದಾನ ಕೊಡುತ್ತಿದೆ ಎಂಬ ಸುದ್ದಿ ಆಗತಾನೇ ಬಂದಿತ್ತು. ಪಿಳ್ಳಮ್ಮಕ್ಕ ತಾಲ್ಲೂಕು ಕಚೇರಿ, ಜಿಲ್ಲಾ ಕಚೇರಿ ಎಂದು ಅಲೆಯಲು ಶುರುಮಾಡಿದರು. ಅಧಿಕಾರಿಯ ಎದುರು ಕುರ್ಚಿ ಎಳೆದುಕೊಂಡು ನಶ್ಯದ ಡಬ್ಬಿ ತೆಗೆಯುವರು, ಒಂದು ಚಿಟಿಕೆ ಏರಿಸುವರು, ಇಡೀ ಆಫೀಸು ಬೆಚ್ಚುವಂತೆ ಸೀನುವರು. ಎರಡನೆಯ ಚಿಟಿಕೆಗೆ ಕೈ ಹಾಕುವಷ್ಟರಲ್ಲಿ ಫೈಲು ಮುಂದಿನ ಮೇಜಿಗೆ ಹೋಗಿರುತ್ತಿತ್ತಂತೆ. ಇದನ್ನು ಅವರೇ ಬಂದು ಬಣ್ಣ ಕಟ್ಟಿ ಹೇಳುತ್ತಿದ್ದರು, ಎಷ್ಟು ನಿಜವೋ ಕಾಣೆ.

ಅಂತೂ ಎಂಜಿನಿಯರ್ ಸಾಹೇಬರು ಘಟಕ ನೋಡಲು ಬರುತ್ತಾರೆಂದು ತಿಳಿಯಿತು. ನಮ್ಮೂರಿಗೆ ದೊಡ್ಡವರು ಬಂದರೆ ನಾವು ಸುಮ್ಮನಿರುವ ಜನವೇ? ಬ್ಲೀಚಿಂಗ್ ಪೌಡರ್ ಎರಚಿದೆವು. ಫಿನಾಯಿಲ್ ಸುರಿದೆವು. ಗೇಟಿಗೆ ಮಾವಿನ ತೋರಣ ಕಟ್ಟಿ, ಸಾಂಬ್ರಾಣಿ ಹಾಕಿದೆವು. ತೊಟ್ಟಿಯ ಪಕ್ಕದಲ್ಲಿ ರಂಗೋಲಿ ಬಿಟ್ಟವಳು ನಾನೇ. ಟ್ಯಾಂಕರುಗಳು ಆ ಕಡೆ ಸುಳಿಯಲೇಬಾರದೆಂದು ಪಿಳ್ಳಮ್ಮಕ್ಕ ಎರಡು ದಿನ ಮೊದಲೇ ಕಟ್ಟಪ್ಪಣೆ ಮಾಡಿದ್ದರು.

ಸಾಹೇಬರು ಬಂದರು, ಸುತ್ತು ಹಾಕಿದರು, ಖುಷಿಪಟ್ಟರು. "ಇಷ್ಟು ನೀಟಾಗಿ ಮೇಂಟೇನ್ ಮಾಡಿರೋ ಘಟಕ ನಾನು ನೋಡೇ ಇಲ್ಲಮ್ಮ. ಈ ಸಲದ ಗ್ರಾಂಟು ಕಷ್ಟದಲ್ಲಿರೋ ಬೇರೆ ಪಂಚಾಯ್ತಿಗೆ ಹೋಗ್ಲಿ ಬಿಡಿ," ಅಂದರು.

ಪಿಳ್ಳಮ್ಮಕ್ಕ ಸರಕ್ಕನೆ ನನ್ನ ಕಡೆ ತಿರುಗಿದರು. "ಟೀಚರಮ್ಮ, ಮುಖ ತೋರ್ಸು."

"ಏನೂ ಬರ್ತಿಲ್ಲ ಅಕ್ಕ," ಎಂದು ನಾನು ಹೆಮ್ಮೆಯಿಂದ ಹೇಳಿದೆ. ಹೇಳಿದ ಮೇಲೆ ತಲೆಗೆ ಹೊಳೆಯಿತು, ವಾಸನೆ ಇಲ್ಲದಿದ್ದರೆ ಅನುದಾನವೂ ಇಲ್ಲ.

ಸಾಹೇಬರು ಜೀಪಿನ ಬಾಗಿಲಿಗೆ ಕೈ ಹಾಕಿದ್ದರು. ಪಿಳ್ಳಮ್ಮಕ್ಕ ಅಡ್ಡ ನಿಂತರು. "ಮನೆಗ್ ಬಂದೋರು ಉಣ್ಣದೆ ಓಗ್ಬಿಟ್ರೆ ನಮ್ಮೂರ್ಗೆ ಮರ್ವಾದೆನಾ ಸಾರ್? ಮುದ್ದೆ, ಹಿದಕಬೇಳೆ ಸಾರು ಮಾಡ್ಸಿವ್ನಿ. ಎಲ್ಡು ತುತ್ತು ಉಂಡ್ಕಂಡ್ ಓಗಿ." ಊಟ ಅವರ ಮನೆಯಲ್ಲಿ ಸಿದ್ಧವಾಗಿತ್ತು. ಅದನ್ನು ಅಂಗನವಾಡಿಯ ಜಗಲಿಗೆ ತರಿಸಿದರು. ನೀರು ಬಿಡುವ ನಂಜುಂಡನನ್ನು ಪಕ್ಕಕ್ಕೆ ಕರೆದು, "ಗಾಡಿಯೋರ್ಗೆಲ್ಲಾ ಫೋನ್ ಮಾಡ್ಲಾ. ಒಬ್ರೂ ಬುಡ್ದಂಗೆ ಬರ್ಲಿ," ಅಂದರು.

ಮಕ್ಕಳ ಸಾಲಿನ ಪಕ್ಕದಲ್ಲೇ ಸಾಹೇಬರಿಗೆ ಎಲೆ ಹಾಕಿದೆವು. ಮುದ್ದೆ ಮುರಿದು ಸಾರಿಗೆ ಅದ್ದುವ ಹೊತ್ತಿಗೆ, ಎರಡು ದಿನದಿಂದ ತುಂಬಿಕೊಂಡು ನಿಂತಿದ್ದ ಟ್ಯಾಂಕರುಗಳು ಒಂದರ ಹಿಂದೊಂದು ಬಂದು ಹಾರನ್ ಹೊಡೆದವು.

ಆಗ ನನ್ನ ಮಕ್ಕಳು ದಿನವೂ ಮಾಡುವುದನ್ನೇ ಮಾಡಿದರು. ಯಾರೂ ಹೇಳಲಿಲ್ಲ, ಯಾರೂ ಗಲಾಟೆ ಮಾಡಲಿಲ್ಲ. ತಟ್ಟೆ ಎತ್ತಿಕೊಂಡು ಒಬ್ಬರ ಹಿಂದೊಬ್ಬರು ಒಳಗೆ ಹೋದರು. ಕಿಟಕಿ ಮುಚ್ಚಿದರು. ಕೊನೆಯಲ್ಲಿದ್ದ ರೇಣುಕಾಳ ಮಗಳು ಬಾಗಿಲನ್ನೂ ಎಳೆದುಕೊಂಡಳು. ಅಷ್ಟರಲ್ಲಿ ಟ್ಯಾಂಕರಿನ ಪೈಪು ಬಿಚ್ಚಿದರು. ಬ್ಲೀಚಿಂಗ್ ಪೌಡರು, ಸಾಂಬ್ರಾಣಿ ಎಲ್ಲ ಎಲ್ಲಿ ಹೋದವೋ. ಸಾಹೇಬರ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಪಿಳ್ಳಮ್ಮಕ್ಕ ಎದುರು ಕೂತು ಅವರ ಮುಖವನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಸಾಹೇಬರು ಮುಚ್ಚಿದ ಬಾಗಿಲನ್ನು ನೋಡಿ, "ದಿನಾ ಹೀಗೇನಾ ಅಮ್ಮ?" ಎಂದು ಕೇಳಿದರು.

"ದಿನಾ ಇಂಗೇ ಸಾರ್. ಇವತ್ತು ನೀವ್ ಬತ್ತೀರ ಅಂತ ತಪ್ಪು ಮಾಡ್ಬುಟ್ವಿ. ಕಿಲೀನ್ ಮಾಡ್ಬುಟ್ವಿ."

ಸಾಹೇಬರು ನಕ್ಕರು. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನಕ್ಕರು. ಆಮೇಲೆ ಮತ್ತೊಮ್ಮೆ ಹೋಗಿ, ರಂಗೋಲಿ ತುಳಿದುಕೊಂಡು, ತುಂಬಿ ಹರಿಯುತ್ತಿದ್ದ ತೊಟ್ಟಿಗಳನ್ನು ಸರಿಯಾಗಿ ನೋಡಿದರು.

ಅನುದಾನ ಬಂತು, ಅಂಗನವಾಡಿ ಮುಚ್ಚುವ ಮಾತು ಅಲ್ಲಿಗೇ ನಿಂತಿತು. ತೊಟ್ಟಿಗಳು ದೊಡ್ಡವಾದವು, ಮುಚ್ಚಳ ಬಂತು, ಟ್ಯಾಂಕರಿನ ಪೈಪನ್ನು ನೇರವಾಗಿ ಸಿಕ್ಕಿಸಲು ಬಾಯಿ ಬಂತು, ಒಣಗಿಸುವ ಜಾಗಕ್ಕೆ ಚಾವಣಿಯೂ ಬಂತು. ಕೆಲಸ ಮುಗಿಯುವಷ್ಟರಲ್ಲಿ ಪಿಳ್ಳಮ್ಮಕ್ಕನ ಅವಧಿ ಮುಗಿದಿತ್ತು. ಉದ್ಘಾಟನೆಯ ಕಲ್ಲಿನ ಮೇಲೆ ಅವರ ಹೆಸರಿಲ್ಲ. ನನಗೆ ಮೈ ಉರಿಯಿತು, ಅವರಿಗೆ ಅದರ ಗೊಡವೆಯೇ ಇರಲಿಲ್ಲ. ಹೊಸ ಘಟಕ ಶುರುವಾದ ಮಾರನೆಯ ಮಧ್ಯಾಹ್ನ ಕೋಲೂರಿಕೊಂಡು ಬಂದು ಕಂಬಕ್ಕೆ ಒರಗಿ ಕೂತರು. ಉಸಿರು ಸ್ವಲ್ಪ ಎಳೆಯುತ್ತಿತ್ತು. ಟ್ಯಾಂಕರ್ ಹಾರನ್ ಹೊಡೆಯಿತು. ಮಕ್ಕಳು ಅಭ್ಯಾಸಬಲದಿಂದ ತಟ್ಟೆ ಎತ್ತಿಕೊಂಡು ನಿಂತರು.

"ನಿಂತ್ಕಳ್ರೋ," ಅಂದರು ಪಿಳ್ಳಮ್ಮಕ್ಕ. "ಟೀಚರಮ್ಮ, ಮುಖ ತೋರ್ಸು."

ನಾನು ಎದೆತುಂಬ ಉಸಿರೆಳೆದೆ. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಯಾಕಮ್ಮಿ ಅಳ್ತೀಯ? ಬತ್ತೈತಾ?" ಅವರು ಗಾಬರಿಯಿಂದ ಮುಂದಕ್ಕೆ ಬಾಗಿದರು.

"ಇಲ್ಲ ಅಕ್ಕ. ಏನೂ ಬರ್ತಿಲ್ಲ. ಒಗ್ಗರಣೆ ವಾಸನೆ ಅಷ್ಟೇ."

ಅವರು ನನ್ನ ಮುಖವನ್ನು ಇನ್ನೊಂದು ಸಲ ನೋಡಿ ಖಾತ್ರಿ ಮಾಡಿಕೊಂಡರು. ಆಮೇಲೆ ಸೊಂಟದಿಂದ ಡಬ್ಬಿ ತೆಗೆದು, "ಅಂಗಾದ್ರೆ ಕೂತ್ಕಳ್ರೋ ಮಕ್ಳಾ, ಉಣ್ರಿ," ಅಂದರು.

ಅದೇ ಕೊನೆ. ಆ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಈಗ ರೇಣುಕಾಳ ಮಗಳ ತಮ್ಮ ನನ್ನಲ್ಲಿಗೆ ಬರುತ್ತಾನೆ. ಟ್ಯಾಂಕರ್ ಹಾರನ್ ಹೊಡೆದರೆ ಅವನು ತಲೆಯನ್ನೂ ಎತ್ತುವುದಿಲ್ಲ, ತಟ್ಟೆಯ ಅಂಚಿನಲ್ಲಿರುವ ಅನ್ನ ಬಳಿದುಕೊಂಡು ತಿನ್ನುತ್ತಿರುತ್ತಾನೆ. ಅವನನ್ನು ನೋಡಿ, ನಾನು ಪಿಳ್ಳಮ್ಮಕ್ಕ ಒರಗುತ್ತಿದ್ದ ಕಂಬದ ಕಡೆ ತಿರುಗಿ ಒಂದು ಗಳಿಗೆ ಮುಖ ತೋರಿಸುತ್ತೇನೆ.