ಫ್ಲೆಕ್ಸ್ ಮೇಲಿನ ವಿಶ್ವವಿದ್ಯಾಲಯ

ಊರಿನ ಸೇರು ಗಡಿ ದಾಟಿದರೆ ಪಾವಾಗುತ್ತದೆ ಎನ್ನುವುದು ಶಿವಗಂಗಾಗೆ ಹೈದರಾಬಾದಿಗೆ ಬಂದ ಮೊದಲ ವಾರದಲ್ಲೇ ಗೊತ್ತಾಯಿತು. ಯಾದಗಿರಿ ಕಡೆಯ ಹುಡುಗಿ. ಅಪ್ಪ ಸಾಬಣ್ಣ ಇಲ್ಲೇ ಕಟ್ಟಡಗಳಿಗೆ ಸೆಂಟ್ರಿಂಗ್ ಹೊಡೆಯುವವನು. ಊರ ಕಡೆಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ ಮಾಡಿದ್ದಳು, ಎರಡನೇ ರ‍್ಯಾಂಕು. ಅಲ್ಲಿ ಆ ರ‍್ಯಾಂಕಿಗೆ ಶಾಲು, ಹಾರ, ಪತ್ರಿಕೆಯಲ್ಲಿ ಫೋಟೊ. ಇಲ್ಲಿ ಅಮೀರ್‌ಪೇಟ್‌ನ ಮೊದಲ ಕೋಚಿಂಗ್ ಸೆಂಟರಿನವನು ಅದೇ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುವಿ, “ಇದು ಅಂಚೆಯಲ್ಲಿ ಓದುವಂಥದ್ದಾ?” ಎಂದ. ಎರಡನೆಯವನು ಫೋನಿನಲ್ಲಿ ಹುಡುಕಿದ. ಹೆಸರು ಸಿಕ್ಕಿತು, ಮುಖ ಮಾತ್ರ ಸಪ್ಪಗಾಯಿತು. ಮೂರನೆಯವನು ಚಹಾ ಕುಡಿಸಿ ಕಳಿಸಿದ. ಚಹಾ ಕುಡಿಸಿ ಕಳಿಸಿದರೆ ಮಾಲು ಬೇಡ ಎಂದು ಅರ್ಥ. ವ್ಯಾಪಾರ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಎಂಟು ತಿಂಗಳು ಸನತ್‌ನಗರದ ಸಣ್ಣದೊಂದು ಔಷಧಿ ಕಾರ್ಖಾನೆಯಲ್ಲಿ ಸಿರಪ್ ಬಾಟಲಿಗೆ ಲೇಬಲ್ ಅಂಟಿಸಿದಳು. ಒಂದೇ ಹಂಡೆಯ ಸಿರಪ್ಪು ನಾಲ್ಕು ಹೆಸರಿನಲ್ಲಿ ಹೊರಗೆ ಹೋಗುತ್ತಿತ್ತು. ಲೇಬಲ್ಲಿನಡಿ ಗುಳ್ಳೆ ಏಳದಂತೆ ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತಬೇಕು. ಅದರಲ್ಲಿ ಅವಳಿಗೆ ಮೊದಲನೇ ರ‍್ಯಾಂಕು.

ನಾಲ್ಕನೇ ಸೆಂಟರಿನ ಯಜಮಾನ ರವಿಕಿರಣ. ಅವನಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯ ನೌಕರಿಗೆಂದು ಧಾರವಾಡದಿಂದ ಬಂದವರು; ಮಗ ಇಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಗಲ್ಲಾಪೆಟ್ಟಿಗೆಯ ಮುಂದೆ ಯಾವುದು ನಡೆಯುತ್ತದೋ ಅದು ಎಂದು ಬೆಳೆದವನು. ಅವಳ ಈಗಿನ ಕೆಲಸ ವಿಚಾರಿಸಿ, ಪಾಠ ಹತ್ತು ನಿಮಿಷ ಕೇಳಿ ಕರಾರು ಹೇಳಿದ.

“ಮೂರು ದಿನ ಡೆಮೊ ಕ್ಲಾಸು. ಹುಡುಗರು ಪುಕ್ಕಟೆ ಕೂತು ನೋಡ್ತಾರ, ಹಿಡಿಸಿದ್ರ ಸೇರ್ತಾರ. ಇಪ್ಪತ್ತು ಮಂದಿ ಸೇರಿದ್ರ ನಿಮ್ಮ ನೌಕರಿ ಖಾಯಂ.”

“ಸೇರಲಿಲ್ಲಂದ್ರ?”

“ಲೇಬಲ್ ಅಂಟಸೂದು ಮರ್ತಿಲ್ಲಲ್ಲ?”

ಆವತ್ತೇ ಕಾರ್ಖಾನೆಗೆ ಹೋಗಿ ಕೆಲಸ ಬಿಟ್ಟು ಬಂದಳು. ಮರುದಿನ ನೋಡಿದರೆ ಮೆಟ್ರೊ ಮೆಟ್ಟಿಲಿನ ಎದುರು ಆಳೆತ್ತರದ ಫ್ಲೆಕ್ಸು. ಅದರಲ್ಲಿ ಅವಳ ಫೋಟೊ, ಹೆಸರು, ಎಂಎಸ್ಸಿ. ಅದರ ಕೆಳಗೆ ಇದೇ ಹೈದರಾಬಾದಿನ ತಾರ್ನಾಕದ ಹಳೇ, ಹೆಸರಾಂತ ವಿಶ್ವವಿದ್ಯಾಲಯದ ಹೆಸರು.

“ಸರ್, ಇದು ನಂದಲ್ಲರಿ.”

“ಫೋಟೊ ನಿಮ್ದ ಐತಲ್ಲ?”

“ಯುನಿವರ್ಸಿಟಿ ನಂದಲ್ಲ.”

“ಮೇಡಂ, ನಿಮ್ಮ ಯುನಿವರ್ಸಿಟಿ ಭಾಳ ಛಲೋ ಐತಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಅದರ ಹೆಸರು ಗಡಿ ಕಡೆ ಜಹೀರಾಬಾದ್ ದಾಟೂದ್ರಾಗ ಸುಸ್ತಾಗಿ ಬಸ್ಸಿನಾಗ ಮಲಗಿಬಿಡ್ತದ. ಯಾರು ಎಬ್ಬಿಸಿ ಕೇಳ್ತಾರ? ಸುಮ್ಮ ಪಾಠ ಮಾಡ್ರಿ.”

ಸುಮ್ಮನೇ ಪಾಠ ಮಾಡಿದಳು. ಮೊದಲ ದಿನ ಹದಿನೆಂಟು ಮಂದಿ, ಎರಡನೇ ದಿನ ಇಪ್ಪತ್ತೇಳು. ತುಂಬುತ್ತಿರುವ ಬೆಂಚು ನೋಡಿ ರವಿಕಿರಣನ ಮುಖ ಅರಳುತ್ತಿತ್ತು. ಇವಳದು ಮಾತ್ರ ಬಿಗಿಯುತ್ತಿತ್ತು. ಬೆಳಗ್ಗೆ ತನ್ನ ಫೋಟೊದ ಕೆಳಗೆ ಹಾದು ಬರುವಾಗ ಸಾಲ ಕೊಟ್ಟವನ ಅಂಗಡಿ ಮುಂದೆ ಹೋಗುವವರ ಹಾಗೆ ತಲೆ ತಗ್ಗಿಸುತ್ತಿದ್ದಳು.

ಮೂರನೇ ದಿನ ಓದುವವರೇ ಮೂವತ್ತನಾಲ್ಕು ಮಂದಿ. ಮನೆಯವರೂ ಬಂದು ನೋಡುವ ದಿನ ಅದು. ಹಿಂದಿನ ಬೆಂಚಿನಲ್ಲಿ ಮೊಮ್ಮಗಳು ಲಹರಿಯ ಜೊತೆ ಬಿಳಿ ಅಂಗಿಯ ಮುದುಕನೊಬ್ಬ ಕೂತಿದ್ದ. ಶಿವಗಂಗಾ ಸ್ಟ್ಯಾಂಡಿಗೆ ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆ ಸಿಕ್ಕಿಸುವ ಮೊದಲು ಅದನ್ನು ತೊಳೆದಳು. ಒಂದು ಗುಟುಕು ನೀರು ಹಾಕಿ, ಅಡ್ಡ ಹಿಡಿದು ತಿರುಗಿಸಿ ಚೆಲ್ಲಿದಳು. ಹಾಗೆ ಮೂರು ಸಲ. ಆಮೇಲೆ ಅಷ್ಟೇ ಅಳತೆಯಲ್ಲಿ ದ್ರಾವಣದಿಂದ ಮೂರು ಸಲ. ಎಲ್ಲ ಸೇರಿದರೆ ಒಂದು ಲೋಟ ಆಗಲಿಲ್ಲ.

ಮುದುಕ ಎದ್ದು ನಿಂತ.

“ಬಿಡ್ಡಾ,” ಎಂದ ತೆಲುಗಿನಲ್ಲಿ, ಮಗಳೇ ಎನ್ನುವ ಹಾಗೆ, “ನನ್ನ ಹೆಸರು ಮಲ್ಲೇಶಂ. ತಾರ್ನಾಕದ ಆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಇದ್ದೆ. ಪ್ರತಿ ಹುಡುಗನ ಕೈಗೂ ಬ್ಯೂರೆಟ್ ಕೊಟ್ಟವನು ನಾನೇ, ಒಡೆದರೆ ಬೈದವನೂ ನಾನೇ. ರಿಟೈರ್ ಆಗಿ ಇನ್ನೂ ವರ್ಷವಾಗಿಲ್ಲ. ನಿನಗೆ ಕೊಟ್ಟ ನೆನಪಿಲ್ಲವಲ್ಲ?”

ಬ್ಯೂರೆಟ್ಟಿನ ತುದಿಯಲ್ಲಿ ಒಂದು ಹನಿ ಬೀಳದೆ ನಿಂತಿತ್ತು.

“ನಮ್ಮವರು ನಲ್ಲಿ ಕೆಳಗೆ ಹಿಡಿದು ತೊಳೀತಾರೆ. ನೀನು ಔಷಧಿ ಕುಡಿಸಿದ ಹಾಗೆ ತೊಳೀತೀಯ. ಯಾವ ವರ್ಷದವಳು?”

ಬಾಗಿಲಲ್ಲಿದ್ದ ರವಿಕಿರಣ, ಯಾರಿಗೂ ತಿಳಿಯುವುದಿಲ್ಲವೆಂದು ಕನ್ನಡದಲ್ಲೇ ಪಿಸುಗುಟ್ಟಿದ: “ಯಾವ್ದರ ಒಂದು ವರ್ಷ ಹೇಳ್ರಿ ಮೇಡಂ! ಮುದುಕಗ ಮರವು ಅಂತ ನಾ ನೋಡ್ಕೋತೀನಿ.”

ವರ್ಷ ಹೇಳಿದರೆ ನೌಕರಿ ಉಳಿಯುತ್ತದೆ. ಮೂವತ್ತೊಂದು ವರ್ಷ ದುಡಿದ ಮುದುಕ ಮೊಮ್ಮಗಳ ಮುಂದೆ ಮರೆಗುಳಿಯಾಗುತ್ತಾನೆ, ಅಷ್ಟೇ. ಶಿವಗಂಗಾ ಲಹರಿಯ ಮುಖ ನೋಡಿದಳು.

“ನೀವು ಮರೆತಿಲ್ಲ ತಾತಾ,” ಎಂದಳು ತನ್ನ ಹರುಕು ತೆಲುಗಿನಲ್ಲಿ. “ನಾನು ಅಲ್ಲಿ ಓದೇ ಇಲ್ಲ. ಫ್ಲೆಕ್ಸ್ ಸುಳ್ಳು. ಮೂರು ದಿನ ಸುಮ್ಮನಿದ್ದದ್ದು ನನ್ನ ತಪ್ಪು.” ಆಮೇಲೆ ತನ್ನ ವಿಶ್ವವಿದ್ಯಾಲಯದ ಹೆಸರು ಹೇಳಿದಳು. ಒಂದು ಮುಖವೂ ಅರಳಲಿಲ್ಲ. “ಅಲ್ಲಿ ಲ್ಯಾಬಿಗೆ ಟ್ಯಾಂಕರ್ ನೀರು, ದಿನ ಬಿಟ್ಟು ದಿನ. ತಲೆಗೊಂದು ಲೋಟ. ಒಂದೇ ಸಲ ತುಂಬಿ ಚೆಲ್ಲಿದರೆ ಒಂದೇ ತೊಳೆತ. ಮೂರು ಪಾಲು ಮಾಡಿದರೆ ಅದೇ ನೀರಿನಲ್ಲಿ ಹೆಚ್ಚು ಸ್ವಚ್ಛ. ಯಾಕೆ ಅಂತ ಬೋರ್ಡಿನ ಮೇಲೆ ತೋರಿಸಲಾ, ಹೊರಡಲಾ?”

ನಾಲ್ಕಾರು ಮಂದಿ ಎದ್ದರು. ಅವರ ಹಿಂದೆ ಇನ್ನಷ್ಟು. ಚಪ್ಪಲಿ ಸದ್ದು ಮೆಟ್ಟಿಲಿಳಿಯುವವರೆಗೂ ಅವಳು ಸೀಮೆಸುಣ್ಣ ಹಿಡಿದೇ ನಿಂತಿದ್ದಳು.

ಮಲ್ಲೇಶಂ ಕೂತ. “ತೋರಿಸು,” ಎಂದ. “ನೀರಿದ್ದವರಿಗೆ ಇದನ್ನು ಯಾರೂ ಹೇಳಲಿಲ್ಲ. ಆದರೆ ನಾಳೆ ಬೆಳಗ್ಗೆ ನಮ್ಮ ಯುನಿವರ್ಸಿಟಿ ಹೆಸರು ಆ ಫ್ಲೆಕ್ಸಿನಲ್ಲೇ ನೇತಾಡುತ್ತಿದ್ದರೆ, ನಾನೇ ಏಣಿ ತಂದು ಹರಿಯುತ್ತೇನೆ.” ಈ ಕೊನೆಯ ಮಾತು ಬಾಗಿಲಿಗೆ ಹೇಳಿದ್ದು.

ಪಾಠ ಮುಗಿದ ಮೇಲೆ ರವಿಕಿರಣ ಆಫೀಸಿಗೆ ಕರೆದ.

“ಹನ್ನೊಂದು ಮಂದಿ ಎದ್ದು ಹೋದ್ರು ಮೇಡಂ.”

“ಇಪ್ಪತ್ತಮೂರು ಮಂದಿ ಹೆಸರು ಬರಸ್ಯಾರ್ರಿ. ನೀವು ಕೇಳಿದ್ದು ಇಪ್ಪತ್ತು.”

ಅವನು ರಿಜಿಸ್ಟರು ನೋಡಿದ, ಅವಳನ್ನು ನೋಡಿದ. “ಆತು, ಮಾತು ಅಂದ್ರ ಮಾತು. ಆ ಹೆಸರಿನ ಮ್ಯಾಲ ಬಿಳಿ ಸ್ಟಿಕರ್ ಹಚ್ಚಿಬಿಡೂಣು. ಖಾಲಿ ಇರ್ಲಿ.”

“ಖಾಲಿ ಇದ್ರ ನಾ ಬರಂಗಿಲ್ಲ. ಲೇಬಲ್ ಇಲ್ಲದ ಬಾಟ್ಲಿ ಕಾರ್ಖಾನಿ ಬಾಗಿಲಾ ದಾಟತಿರಲಿಲ್ಲರಿ.”

ಮರುದಿನ ಬೆಳಗ್ಗೆ ಏಣಿ ಹಿಡಿದು ನಿಂತವನು ಯಜಮಾನನೇ. ಮೇಲೆ ಶಿವಗಂಗಾ ಊರಿನ ವಿಶ್ವವಿದ್ಯಾಲಯದ ಹೆಸರಿದ್ದ ಉದ್ದನೆಯ ಸ್ಟಿಕರನ್ನು ನಡುವಿನಿಂದ ಅಂಚಿಗೆ ಹೆಬ್ಬೆರಳಿನಲ್ಲಿ ಒತ್ತುತ್ತ ಹೋದಳು. ಮೆಟ್ರೊ ಇಳಿದು ಬಂದ ಹುಡುಗನೊಬ್ಬ ಓದಿ, “ಇದೆಲ್ಲಿದೆ?” ಎಂದು ಹಿಂದಿಯಲ್ಲಿ ಕೇಳಿದ.

“ಒಳಗ ಬಂದು ಕೇಳು ಅನ್ರಿ,” ಎಂದಳು ಅವಳು ಏಣಿ ಹಿಡಿದವನಿಗೆ, ಕೆಳಗೆ ನೋಡದೆ. ಒಂದು ಗುಳ್ಳೆ ಇನ್ನೂ ಉಳಿದಿತ್ತು.